ಐವತ್ತೆರಡರಲ್ಲಿ ಮೊದಲ ಪಾಠ

ಬೆಳಗಿನ ಐದೂವರೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯಿಂದ ಕರ್ಕಶ ಸದ್ದೊಂದು ಬೀದಿಗಿಳಿಯುತ್ತದೆ. ಒಳಗೆ ಐವತ್ತೆರಡರ ಹೆಂಗಸೊಬ್ಬರು ಕಿಟಕಿಯತ್ತ ಮುಖ ಮಾಡಿ ಕುಳಿತು, ಪಿಟೀಲಿನ ತಂತಿಯ ಮೇಲೆ ಕಮಾನು ಎಳೆಯುತ್ತಿದ್ದಾರೆ. ಒಂದೇ ಸ್ವರ, ನಲವತ್ತು ಸಲ. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ತಂಗಿ ಕೂಗುತ್ತಾಳೆ: “ಅಕ್ಕಾ, ಆ ಬೆಕ್ಕಿನ ಬಾಲ ಇನ್ನಾದ್ರೂ ಬಿಟ್ಬಿಡೇ!” ಅಕ್ಕ ನಗುತ್ತಾರೆ. ನಗು ಬಲಗಡೆಗೆ ಮಾತ್ರ ಅರಳುತ್ತದೆ.

ಬೀದಿಯವರಿಗೆಲ್ಲ ಇವರು ಕೊಳಲಕ್ಕ. ಇಪ್ಪತ್ತೆರಡು ವರ್ಷ ವೇದಿಕೆಯಲ್ಲಿ ಕೊಳಲು ನುಡಿಸಿದವರು. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ಎಡತುಟಿಯಿಂದ ಸೋರಿಹೋಯಿತು. ಅರ್ಧ ಮುಖಕ್ಕೆ ಪಾರ್ಶ್ವವಾಯು. ಮಾತು ಮರಳಿತು, ಕೊಳಲಿಗೆ ಬೇಕಾದ ತುಟಿಯ ಬಿಗಿ ಮರಳಲಿಲ್ಲ.

“ಹೊಟ್ಟೆಪಾಡಿಗೆ ಪಾಠ ಶುರು ಮಾಡ್ದೆ. ಮನಸ್ಸಿರ್ಲಿಲ್ಲ,” ಎನ್ನುತ್ತಾರೆ. “ನನ್ನ ಕೈಲಿ ಆಗದ್ದು ಮಕ್ಕಳ ಕೈಲಾದ್ರೂ ಆಗ್ಲಿ ಅನ್ನೋ ಅವಸರ. ತಪ್ಪಿದ್ರೆ ಸಿಡೀತಿದ್ದೆ. ಒಂದು ಹುಡುಗೀನ ಅಳಿಸಿ ಕಳಿಸ್ದೆ. ಅವಳು ಮತ್ತೆ ಬರ್ಲಿಲ್ಲ.” ಹದಿನೆಂಟು ಮಕ್ಕಳಿದ್ದ ತರಗತಿ ನಾಲ್ಕಕ್ಕಿಳಿಯಿತು.

ಆಗ ಬಾಗಿಲು ತಟ್ಟಿದ್ದು, ವೇದಿಕೆಯ ದಿನಗಳಲ್ಲಿ ಅವರ ಬಳಿ ಕೊಳಲು ಕಲಿತಿದ್ದ ಹಳೆಯ ಶಿಷ್ಯೆ. ಕೊಳಲು ಬಿಟ್ಟು ಪಿಟೀಲು ಹಿಡಿದಳೆಂದು ಕೊಳಲಕ್ಕ ಎರಡು ವರ್ಷ ಮಾತು ಬಿಟ್ಟಿದ್ದು ಇವಳೊಂದಿಗೇ. ತನ್ನದೊಂದು ಹಳೆಯ ಪಿಟೀಲನ್ನು ಅವರ ಮಡಿಲಲ್ಲಿಟ್ಟು, “ಟೀಚರ್, ಇದಕ್ಕೆ ತುಟಿ ಬೇಡ,” ಎಂದಳಷ್ಟೆ.

ಈಗ ವಾರಕ್ಕೆರಡು ದಿನ ಶಿಷ್ಯೆಯೇ ಗುರು. “ಟೀಚರ್, ಮೊಣಕೈ ಇಳಿಸಿ. ಇನ್ನೂ. ಮೊನ್ನೆ ಹೇಳಿದ್ದು ಮರೆತ್ರಾ?” ಎಂದು ಗದರಿದಾಗ ಕೊಳಲಕ್ಕ ಪಿಳಿಪಿಳಿ ಕಣ್ಣು ಬಿಡುತ್ತಾರೆ.

“ಮೊದಲ ತಿಂಗಳು ನಾಚಿಕೆಯಿಂದ ಕುಗ್ಗಿಹೋದೆ. ಆಮೇಲೆ ಹೊಳೀತು, ಆ ಹುಡುಗೀಗೂ ಹೀಗೇ ಆಗಿರುತ್ತಲ್ವಾ ಅಂತ. ಅವತ್ತಿಂದ ಬಯ್ಯೋದು ಬಿಟ್ಟೆ. ಯಾರಾದ್ರೂ ತಪ್ಪು ಊದಿದ್ರೆ ಪಿಟೀಲು ತೆಗೆದು, ‘ಕೇಳ್ರೋ, ನಂದು ಇನ್ನೂ ಕೆಟ್ಟದಾಗಿದೆ’ ಅಂತೀನಿ. ಬಿದ್ದು ಬಿದ್ದು ನಗ್ತವೆ. ನಕ್ಕಾದ್ಮೇಲೆ ನೆಟ್ಟಗೆ ಊದ್ತವೆ.”

ಈಗ ವಾರಕ್ಕೆ ಐದು ತಂಡ, ಒಟ್ಟು ಮೂವತ್ತೊಂದು ಮಕ್ಕಳು. ಅಳಿಸಿ ಕಳಿಸಿದವಳ ಮನೆಗೂ ಹೋಗಿ ಕೊಳಲಕ್ಕ ತಪ್ಪೊಪ್ಪಿಕೊಂಡು ಬಂದಿದ್ದಾರೆ. ಹದಿನಾಲ್ಕಕ್ಕೆ ಕಾಲಿಟ್ಟಿರುವ ಆಕೆ ಹೊಸ್ತಿಲಲ್ಲೇ ನಿಂತು, “ಯೋಚ್ನೆ ಮಾಡ್ತೀನಿ,” ಎಂದಳಂತೆ. ಇನ್ನೂ ಬಂದಿಲ್ಲ. ಶನಿವಾರದ ತಂಡದಲ್ಲಿ ಅವಳಿಗೊಂದು ಜಾಗ ಖಾಲಿಯೇ ಇದೆ.

ವರ್ಷದ ಕೊನೆಗೆ ಶಿಷ್ಯೆ ತನ್ನ ವಿದ್ಯಾರ್ಥಿಗಳನ್ನೆಲ್ಲ ವೇದಿಕೆ ಹತ್ತಿಸಲಿದ್ದಾಳೆ. ಕೊಳಲಕ್ಕನನ್ನೂ ಕರೆದಿದ್ದಾಳೆ.

“ಕೊನೇ ಸಾಲಲ್ಲಿ ಒಂದು ಕುರ್ಚಿ ಕೊಟ್ರೆ ಸಾಕು,” ಎನ್ನುತ್ತಾ ಅವರು ಕಮಾನಿನ ಧೂಳು ಒರೆಸುತ್ತಾರೆ. “ಒಂದೇ ಮಾತು ಹೇಳಿದ್ದೀನಿ ಅವಳಿಗೆ. ಕರಪತ್ರದಲ್ಲಿ ನನ್ನ ಹೆಸರನ್ನ ಗುರುಗಳು ಅಂತ ಮೇಲೆ ಹಾಕ್ಬೇಡ, ಮಕ್ಕಳ ಪಟ್ಟೀಲೇ ಹಾಕು.”