ಅತ್ತೆ ಆರಿಸದ ಒಲೆ

ನನ್ನ ಗಂಡ ಸಿದ್ಧಾರೂಢನಿಗೆ ಒಂದು ಕಡೆ ಕೂರುವುದೇ ಗೊತ್ತಿಲ್ಲ. ಕ್ಯಾಂಪ್‌ಬೆಲ್‌ನ ಈ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಇರುತ್ತಾನೆ. ಪಕ್ಕದ ಸ್ಯಾನ್ ಹೊಸೆಯಲ್ಲೇ ಬೆಳೆದು, ಅಮೆರಿಕದ ಸೈನ್ಯ ಸೇರಿ, ಅಫ್ಘಾನಿಸ್ತಾನದಲ್ಲಿ ರಸ್ತೆಬದಿಯ ಬಾಂಬು ಸಿಡಿದು ಮಿದುಳಿಗೆ ಪೆಟ್ಟು ತಿಂದವನು. ಕೈಕಾಲು ಗಟ್ಟಿ, ಮೈಮೇಲೆ ಗಾಯದ ಗುರುತಿಲ್ಲ. ಅದೇ ದೊಡ್ಡ ತಾಪತ್ರಯ. ಕನ್ನಡ ಕೂಟದಲ್ಲಿ ಸಿಕ್ಕವರೆಲ್ಲ "ಚೆನ್ನಾಗೇ ಇದ್ದಾರಲ್ಲ" ಅಂದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಹಿಡಿದ ಕೆಲಸ ಅರ್ಧಕ್ಕೇ ಮರೆತು ನಿಲ್ಲುವವನ ಪಾಡು ಇವರಿಗೇನು ಗೊತ್ತು?

ವಾರಕ್ಕೊಮ್ಮೆ ಥೆರಪಿಸ್ಟ್ ಒಬ್ಬಳು ಬಂದು ಅಡುಗೆ, ಗ್ರೋಸರಿ, ಬಸ್ಸು ಎಲ್ಲ ಅಭ್ಯಾಸ ಮಾಡಿಸುತ್ತಾಳೆ. ಆ ಸಹಾಯ ಇನ್ನೂ ಬೇಕೋ ಬೇಡವೋ ಎಂದು ನೋಡಿ ತೀರ್ಮಾನಿಸಲು ಮೊನ್ನೆ ಸರ್ಕಾರದ ಕಡೆಯಿಂದ ಇನ್ನೊಬ್ಬಾಕೆ ಬಂದಳು. ಬೇಡವೆಂದರೆ ಇವನು ಮೊದಲಿನಂತೆ ಹೊಸ್ತಿಲು ದಾಟುವುದನ್ನೇ ಬಿಡುತ್ತಾನೆ ಎಂದು ನನಗೆ ಜೀವ ಬಾಯಿಗೆ ಬಂದಿತ್ತು. ನಮ್ಮತ್ತೆ ಅಂಬವ್ವ ಮಾಡಿದ್ದೇನು? ಮಗನಿಗೆ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಡಿಸಿ, ಹೆಣ್ಣು ನೋಡಲು ಬಂದವರ ಮುಂದೆ ಕೂರಿಸಿದಂತೆ ಕೂರಿಸಿದರು!

ಆಕೆ ಏನು ಕೇಳಿದರೂ ಅವನು ಬಾಯಿ ತೆರೆಯುವ ಮೊದಲೇ ಅತ್ತೆಯದು "ಫೈನ್, ಫೈನ್". ಮನೆಗೆ ಬಂದವರ ಮುಂದೆ ಸಂಕಟ ತೋಡಿಕೊಳ್ಳಬಾರದು, ಆರಾಮ ಅನ್ನಬೇಕು. ಅವರು ಕಲಿತ ಮರ್ಯಾದೆ ಅದು.

ಕೊನೆಗೆ ಆಕೆ ಅವನಿಗೆ ಚಹಾ ಮಾಡಲು ಹೇಳಿದಳು. ಅವನ ಬೆನ್ನಿಗೇ ಅತ್ತೆಯೂ ಎದ್ದರು. ದಿನವೂ ಹೀಗೆಯೇ. ಅವನು ಹಚ್ಚಿದ ಒಲೆ ಇವರು ಆರಿಸುವುದು, ಅವನು ಬಿಟ್ಟ ನಲ್ಲಿ ಇವರು ನಿಲ್ಲಿಸುವುದು, ಆಮೇಲೆ ಮಗ ಎಲ್ಲ ತಾನೇ ಮಾಡಿಕೊಳ್ಳುತ್ತಾನೆ ಎಂದು ಊರಿಗೆಲ್ಲ ಫೋನು.

ನಾನು ಕೈ ಹಿಡಿದು ಜಗ್ಗಿದೆ. "ಅತ್ತೀ, ಕೂಡ್ರಿ. ಇವತ್ತ ನೀವು ಒಲಿ ಆರಿಸಿದ್ರ ನಾಳಿಂದ ಥೆರಪಿಸ್ಟ್ ಬರೂದಿಲ್ಲ."

ಕೂತರು. ಸೆರಗಿನ ತುದಿ ಹಿಂಡುತ್ತಲೇ ಇದ್ದರು. ಹಾಲು ಏರಿತು. ಬಂದವರೆದುರು ಹಾಲು ಉಕ್ಕುವುದೆಂದರೆ ಅವರಿಗೆ ಪ್ರಾಣ ಹೋದಂತೆ. ಅರ್ಧ ಎದ್ದರು, ನನ್ನ ಮುಖ ನೋಡಿ ಮತ್ತೆ ಕೂತರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು ಕಮರು ವಾಸನೆ ಹಬ್ಬಿತು. ಸಿದ್ಧಾರೂಢ ಸಕ್ಕರೆ ಡಬ್ಬಿ ಹಿಡಿದು ಕಿಟಕಿಯತ್ತ ನೋಡುತ್ತಿದ್ದ. ಆ ಹೆಂಗಸೇ ಓಡಿ ಒಲೆ ಆರಿಸಿದಳು.

ಅವನು ತಿರುಗಿದ. "ಯವ್ವಾ, ನಾ ಇಲ್ಲಿ ಏನ್ ಮಾಡಾಕ ಬಂದಿದ್ದೆ?"

ಅವನು ಏನಂದ ಎಂದು ಆಕೆ ನನ್ನನ್ನು ಕೇಳಿದಳು. ನಾನು ಅತ್ತೆಯನ್ನು ನೋಡಿದೆ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನ ಮಗಾ ಆರಾಮ ಇಲ್ಲ ಅಂತ ಆಕಿಗೆ ಹೇಳವಾ, ಮಾಧುರಿ."

ಹೇಳಿದೆ.