ಗೋಲು ಹೊಡೆಯದವನ ಸನ್ಮಾನ

ನನ್ನ ತಮ್ಮ ಸುಮಾರು ಹತ್ತು ವರ್ಷ ಫುಟ್‌ಬಾಲ್ ಆಡಿಯೇ ಬದುಕಿದ. ಮೊದಲು ಮೆಲ್ಬರ್ನ್‌ನಲ್ಲಿ, ಆಮೇಲೆ ಬೆಲ್ಜಿಯಂ, ಹಾಲೆಂಡ್ ಮತ್ತು ಜರ್ಮನಿಯ ಕ್ಲಬ್‌ಗಳಲ್ಲಿ. ಅಷ್ಟು ಕಾಲವೂ ಸಿಡ್ನಿಯ ಕನ್ನಡಿಗರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಗೋಲು ಹೊಡೆದಿದ್ದಾನೆ, ಓದು ಯಾವಾಗ ಮುಗಿಸುತ್ತಾನೆ. ಎರಡಕ್ಕೂ ನನ್ನಲ್ಲಿ ಉತ್ತರವಿತ್ತು. ಕೇಳಿದವರಿಗೆ ಮಾತ್ರ ಉತ್ತರ ಬೇಕಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮೈಸೂರು ಬಿಟ್ಟು ಸಿಡ್ನಿಯ ಟೂಂಗಾಬಿಗೆ ಬಂದಾಗ ಅಮ್ಮ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಅಪ್ಪ ಎಂಜಿನಿಯರ್. ನಾನು ಆಗಷ್ಟೇ ಪದವಿ ಮುಗಿಸಿದ್ದೆ. ಕಾಲೇಜಿನ ಚರ್ಚಾಕೂಟದಲ್ಲಿ ಪರ್ಯಾಯ ಪಾರಿತೋಷಕವನ್ನು ಬಿಟ್ಟುಕೊಡದವಳೆಂಬ ಹೆಸರು ಪಡೆದಿದ್ದೆ. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಯಾವ ಸಭೆಯೂ ಬದಲಾಗುತ್ತದೆಂದು ಮನಸಾರೆ ನಂಬಿದ್ದೆ. ತಮ್ಮನಿಗಿದ್ದದ್ದು ಬೇರೆ ನಂಬಿಕೆ. ಮನೆಯೆದುರಿನ ಪಾರ್ಕಿನಲ್ಲಿ ಮಾಲ್ಟಾ ಮೂಲದ ಕೆಲವರು ನಡೆಸುತ್ತಿದ್ದ ಸಣ್ಣ ಕ್ಲಬ್ಬಿಗೆ ಸೇರಿದ ಅವನು ಸಂಜೆಯಾದ ಮೇಲೆ ಮನೆಯಲ್ಲಿ ಸಿಗುತ್ತಲೇ ಇರಲಿಲ್ಲ. ಆರೋಗ್ಯಕ್ಕೆ ಒಳ್ಳೆಯದೆಂದು ಅಪ್ಪ ಸುಮ್ಮನಿದ್ದರು. ಆರೋಗ್ಯ ಎನ್ನುವುದು ಸಂಬಳವಾಗಿ ಬದಲಾದ ದಿನ ಅವರ ಮೌನವೂ ಬದಲಾಯಿತು.

ಮೆಲ್ಬರ್ನ್‌ನ ಕ್ಲಬ್ಬೊಂದು ಅವನನ್ನು ಕರೆದಾಗ, ಅಲ್ಲೇ ಯೂನಿವರ್ಸಿಟಿಗೂ ಸೇರಬೇಕೆಂಬ ಷರತ್ತಿನ ಮೇಲೆ ಅಪ್ಪ ಒಪ್ಪಿದರು. ಮೆಲ್ಬರ್ನ್ ಅಂಚಿನ ವೆರಿಬೀಯಲ್ಲಿದ್ದ ಅವರ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ ಇಳಿಸಿದರು. ಸ್ನೇಹಿತರು ವೈದ್ಯರು, ಉದಾರಿಗಳು, ಬಡಿಸುವಾಗ ಕೈ ಬಿಗಿ ಹಿಡಿಯುವವರಲ್ಲ. ಆದರೆ ಮೊದಲ ಭಾನುವಾರವೇ, ಊಟಕ್ಕೆ ಬಂದ ಅತಿಥಿಗಳ ಮುಂದೆ ಅವನ ಪರಿಚಯ ಹೀಗೆ ಮಾಡಿಕೊಟ್ಟರು: "ನಮ್ಮ ಫ್ರೆಂಡ್ ಮಗ. ಸದ್ಯಕ್ಕೆ ಬಾಲ್ ಹಿಂದೆ ಓಡ್ತಿದಾನೆ. ನಮ್ಮನೆ ನಾಯೀನೂ ಓಡತ್ತೆ, ಅದಕ್ಕೆ ಯಾರೂ ಸಂಬಳ ಕೊಡಲ್ಲ ಅಷ್ಟೆ." ಎಲ್ಲರೂ ನಕ್ಕರಂತೆ, ತಾನೂ ನಕ್ಕೆನೆಂದು ತಮ್ಮ ಹೇಳಿದ. ವರ್ಷ ತುಂಬುವುದರೊಳಗೆ ಯೂನಿವರ್ಸಿಟಿಯನ್ನೂ ವೆರಿಬೀಯನ್ನೂ ಬಿಟ್ಟು, ಇಬ್ಬರು ಆಟಗಾರರೊಂದಿಗೆ ಬಾಡಿಗೆ ಮನೆ ಹಿಡಿದ.

ಆ ಚಳಿಗಾಲದಲ್ಲಿ ನಾನೊಬ್ಬಳೇ ಬಸ್ಸು ಹಿಡಿದು ಹೋಗಿ ಅವನ ಆಟ ನೋಡಿದೆ. ಗಾಳಿ ಕಿವಿ ಕೊರೆಯುತ್ತಿತ್ತು. ಮೊದಲರ್ಧ ಗಂಟೆ ನನಗೂ ಅವನು ಏನು ಮಾಡುತ್ತಿದ್ದಾನೆಂದು ತಿಳಿಯಲಿಲ್ಲ. ಆಮೇಲೆ ಚೆಂಡನ್ನು ಬಿಟ್ಟು ಅವನನ್ನೇ ನೋಡತೊಡಗಿದೆ. ಚೆಂಡು ತನ್ನ ಬಳಿ ಬರುವ ಮುನ್ನ ಅವನು ಹೆಗಲ ಮೇಲಿಂದ ಹಿಂದಕ್ಕೆ, ಎಡಕ್ಕೆ, ಮತ್ತೆ ಹಿಂದಕ್ಕೆ ನೋಡುತ್ತಿದ್ದ, ಮಗುವಿನ ಕೈ ಹಿಡಿದು ರಸ್ತೆ ದಾಟುವವರ ಹಾಗೆ. ಚೆಂಡು ಬಂದರೆ ಅವನ ಕಾಲಲ್ಲಿ ಕ್ಷಣವೂ ನಿಲ್ಲುತ್ತಿರಲಿಲ್ಲ. ಎದುರಾಳಿ ನುಗ್ಗಬೇಕೆಂದಿದ್ದ ಜಾಗದಲ್ಲಿ ಇವನು ಮೊದಲೇ ನಿಂತಿರುತ್ತಿದ್ದ. ನುಗ್ಗುವುದು ನಡೆಯುತ್ತಲೇ ಇರಲಿಲ್ಲ. ನಡೆಯದೇ ಹೋದದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಬೆಲ್ಜಿಯಂಗೆ ಹೋದ ಮೇಲೆ ಅವನು ತನ್ನ ಆಟದ ವಿಡಿಯೋ ಕ್ಯಾಸೆಟ್‌ಗಳನ್ನು ಕಳಿಸತೊಡಗಿದ. ಭಾನುವಾರ ಫೋನ್ ಮಾಡಿದಾಗ, ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಅಪ್ಪ ನೋಡಿದ್ರಾ?" ಅವನಿಗೆ ಬೇಕಾಗಿದ್ದದ್ದು ಇಷ್ಟೇ. ತಾನು ಮಾಡುತ್ತಿರುವುದು ಕೆಲಸವೆಂದು ಅಪ್ಪ ಒಮ್ಮೆ ಒಪ್ಪಬೇಕು. ನಾನು ಕ್ಯಾಸೆಟ್ ಹಾಕಿದರೆ ಅಪ್ಪ ಎದ್ದು ಕರಿಬೇವಿನ ಗಿಡಕ್ಕೆ ನೀರು ಹಾಕಲು ಹೋಗುತ್ತಿದ್ದರು. ಇನ್ನೂ ನೋಡಿಲ್ಲ, ನೋಡುತ್ತಾರೆ ಎಂದು ನಾನು ಫೋನಿನಲ್ಲಿ ಹೇಳುತ್ತಿದ್ದೆ.

ಅಪ್ಪನ ಅಳತೆಗೋಲು ನಮ್ಮ ಕನ್ನಡ ಸಂಘ. ಸಂಘ ಮೆಚ್ಚಿದ್ದನ್ನು ಅವರು ಮೆಚ್ಚುತ್ತಿದ್ದರು. ರಾಜ್ಯೋತ್ಸವದಂದು ಸಂಘ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಪ್ರತಿಭಾವಂತರನ್ನು ಸನ್ಮಾನಿಸುತ್ತಿತ್ತು. ಪ್ರತಿಭೆಯೆಂದರೆ ಅಂಕ. ಮೆಡಿಸಿನ್‌ಗೆ ಸೀಟು ಸಿಕ್ಕವರು, ಎಂಜಿನಿಯರಿಂಗ್‌ನಲ್ಲಿ ಮುಂದಿದ್ದವರು. ಇದನ್ನು ತಿದ್ದಬೇಕೆಂದು ನಾನು ಸಮಿತಿಗೆ ಸೇರಿದೆ. ಶ್ರಮದಿಂದ ಬದುಕು ಕಟ್ಟಿಕೊಂಡ ಯಾವ ಕನ್ನಡಿಗನಿಗೂ ಆ ಶಾಲು ಸಲ್ಲಬೇಕೆಂಬ ಗೊತ್ತುವಳಿ ತಂದು, ಮೊದಲ ಹೆಸರಾಗಿ ನನ್ನ ತಮ್ಮನನ್ನು ಸೂಚಿಸಿದೆ. ಸ್ವಂತ ತಮ್ಮನೆಂಬ ಆಕ್ಷೇಪ ಬರುವುದೆಂದು ಅದಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಆ ಆಕ್ಷೇಪ ಬರಲೇ ಇಲ್ಲ.

ಸಂಘದ ಅಧ್ಯಕ್ಷರು ಸಿಡ್ನಿಯ ಎಪ್ಪಿಂಗ್‌ನಲ್ಲಿದ್ದ ಒಬ್ಬ ಪ್ರಾಧ್ಯಾಪಕರು. ಸಭೆ ಅವರ ಮನೆಯಲ್ಲೇ. ಅವರು ಸೌಜನ್ಯದಿಂದಲೇ ಕೇಳಿದರು: "ಹಾಕೋಣಮ್ಮ, ನಮಗೇನು ಬೇಜಾರು? ಆದ್ರೆ ಒಂದು ಕ್ರೈಟೀರಿಯಾ ಬೇಕಲ್ಲ. ಎಷ್ಟು ಗೋಲ್ ಹೊಡ್ದಿದಾನೆ ಹೇಳು."

"ಅವನು ಮಿಡ್‌ಫೀಲ್ಡರ್, ಸರ್. ಗೋಲ್ ಹೊಡೆಯೋದು ಅವನ ಕೆಲಸ ಅಲ್ಲ."

"ಮತ್ತೆ ಕೆಲಸ ಏನು?"

"ಮಿಡ್ಲಲ್ಲಿ ನಿಂತ್ಕೊಳ್ಳೋದು," ಎಂದು ಸೋಫಾದ ಮೂಲೆಯಿಂದ ಯಾರೋ ಅಂದರು.

ನಗು ಮುಗಿಯುವವರೆಗೆ ಕಾದು ನಾನು ಎದ್ದು ನಿಂತೆ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರ ಮಾತೆತ್ತಿದೆ. ಯಾವ ಸಾಲಿಗೆ ಸಾರು ಹೋಗಬೇಕು, ಯಾವ ಎಲೆ ಬರಿದಾಗುತ್ತಿದೆ ಎಂದು ಕಣ್ಣಲ್ಲೇ ಅಳೆದು ಓಡಾಡುವವನ ಯೋಗ್ಯತೆಯನ್ನು, ಅವನೆಷ್ಟು ಹೋಳಿಗೆ ತಿಂದನೆಂದು ಎಣಿಸಿ ನಿರ್ಧರಿಸುತ್ತೀರಾ ಎಂದು ಕೇಳಿದೆ. ಇಲ್ಲಿ ನೆರೆದಿರುವ ನೀವೆಲ್ಲ ನಿಮ್ಮ ಆಫೀಸುಗಳಲ್ಲಿ ಹೆಸರು ಬರದ ಕೆಲಸ ಮಾಡಿಯೇ ತಾನೆ ಕೊರಗುತ್ತಿರುವುದು ಎಂದೂ ಕೇಳಿದೆ. ಜೋರಾಗಿ ಚಪ್ಪಾಳೆ ಬಿತ್ತು. ಬಳಿಕ ಕೈ ಎತ್ತಲು ಹೇಳಿದರು. ನನ್ನ ಕೈಯೊಂದೇ ಮೇಲೆದ್ದಿತು. ಹೊರಡುವಾಗ ಅಧ್ಯಕ್ಷರ ಪತ್ನಿ ಕುಂಕುಮವಿಟ್ಟು, ನಿಮ್ಮ ಭಾಷಣ ಕೇಳುವುದೇ ಒಂದು ಹಬ್ಬ, ಮಕ್ಕಳಿಗೂ ಸ್ವಲ್ಪ ಹೇಳಿಕೊಡಿ ಎಂದರು.

ನಂತರದ ವರ್ಷಗಳಲ್ಲೂ ಅದೇ ಗೊತ್ತುವಳಿ ತಂದೆ. ಅದೇ ಚಪ್ಪಾಳೆ, ಅದೇ ಫಲಿತಾಂಶ. ಅತ್ತ ತಮ್ಮನಿಗೆ ಯೂರೋಪು ಬೇರೆ ಪಾಠ ಕಲಿಸುತ್ತಿತ್ತು. ತಂಡದಲ್ಲಿ ಹೊರದೇಶದವರಿಗಿದ್ದ ಸ್ಥಾನಗಳೇ ಕೆಲವು. ಬ್ರೆಜಿಲ್‌ನಿಂದ ಗೋಲು ಹೊಡೆಯುವವನೊಬ್ಬ ಬಂದರೆ ಇವನು ಹೊರಗೆ ಕೂರಬೇಕಿತ್ತು. ಅಲ್ಲಿನವರೂ ಎಣಿಸುತ್ತಿದ್ದದ್ದು ಗೋಲನ್ನೇ ಎಂಬುದನ್ನು ನಾನು ಸಂಘದಲ್ಲಿ ಹೇಳಲಿಲ್ಲ. ಜರ್ಮನಿಯ ಕ್ಲಬ್ಬು ಅವನ ಮೊಣಕಾಲಿಗೆ ಚುಚ್ಚುಮದ್ದು ಕೊಟ್ಟು ಕೊಟ್ಟು ಒಂದು ಸೀಸನ್ ಆಡಿಸಿತು. ಮುಂದಿನ ಸೀಸನ್‌ಗೆ ಕಾಂಟ್ರ್ಯಾಕ್ಟ್ ಕೊಡಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಅವನು ಕುಂಟುತ್ತ ಟೂಂಗಾಬಿಗೆ ವಾಪಸಾದ. ಬದುಕಬೇಕಲ್ಲ ಎಂದು ಫಿಸಿಯೋಥೆರಪಿ ಕೋರ್ಸಿಗೆ ಅರ್ಜಿ ಹಾಕಿದ, ಸೀಟು ಸಿಕ್ಕಿತು. ಆ ವಾರವೇ ಅಧ್ಯಕ್ಷರ ಫೋನು ಬಂತು. ಆ ಸಲ ಸನ್ಮಾನಿತರ ಸಾಲಿನಲ್ಲಿ ಅವನ ಹೆಸರಿತ್ತು. ನಾನು ಗೊತ್ತುವಳಿಯನ್ನೇ ಮಂಡಿಸಿರಲಿಲ್ಲ.

ಬೇಡವೆನ್ನು ಎಂದು ತಮ್ಮನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಅಪ್ಪ ಬರ್ತಾರಲ್ಲ, ಅಕ್ಕ," ಎಂದ.

ವೇದಿಕೆಯ ಮೇಲೆ ಹೈಸ್ಕೂಲು ಮುಗಿಸಿದ ಹುಡುಗ ಹುಡುಗಿಯರ ಪಕ್ಕದಲ್ಲಿ ಅವನನ್ನು ನಿಲ್ಲಿಸಿದರು. ಅವರೆಲ್ಲರಿಗಿಂತ ಅವನು ಹತ್ತು ವರ್ಷ ದೊಡ್ಡವನು. ಶಾಲು ಹೊದಿಸುತ್ತ ಅಧ್ಯಕ್ಷರು ಮೈಕಿನಲ್ಲಿ ನುಡಿದರು: "ಸ್ವಲ್ಪ ಕಾಲ ಅಲ್ಲಿ ಇಲ್ಲಿ ಸುತ್ತಾಡಿದ ಹುಡುಗ. ಕಡೆಗೂ ದಾರಿಗೆ ಬಂದ." ಮುಂದಿನ ಸಾಲಿನಲ್ಲಿದ್ದ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಲ್ಜಿಯಂ, ಹಾಲೆಂಡ್, ಜರ್ಮನಿ ಎಂಬ ಹೆಸರುಗಳು ಆ ಸಂಜೆ ಯಾರ ಬಾಯಲ್ಲೂ ಬರಲಿಲ್ಲ.

ಮನೆಗೆ ಬಂದವನೇ ತಮ್ಮ ಸೋಫಾದಲ್ಲಿ ಕಾಲು ಚಾಚಿ, ಊದಿದ ಮೊಣಕಾಲಿಗೆ ಐಸ್ ಇಟ್ಟು, ಅದು ಜಾರದ ಹಾಗೆ ಆ ಶಾಲನ್ನೇ ಸುತ್ತಿಕೊಂಡ. ಜರಿ ಹಾಳಾಗುತ್ತದೆಂದು ಅಪ್ಪ ಗೊಣಗಿದರೂ ಅವರ ಮುಖ ಎಂದಿಲ್ಲದಷ್ಟು ಗೆಲುವಾಗಿತ್ತು. ಇದೇ ಸಮಯವೆಂದು ತಮ್ಮನಿಗೆ ಅನ್ನಿಸಿರಬೇಕು. ಹಾಲೆಂಡಿನಲ್ಲಿ ತಾನು ಅತ್ಯುತ್ತಮವಾಗಿ ಆಡಿದ ಪಂದ್ಯದ ಕ್ಯಾಸೆಟ್ ಹಾಕೆಂದು ನನಗೆ ಹೇಳಿದ. ಅಪ್ಪ ಈ ಸಲ ಗಿಡದ ಕಡೆ ಹೋಗಲಿಲ್ಲ. ಕನ್ನಡಕ ಒರೆಸಿಕೊಂಡು ಕೂತರು.

ತೆರೆಯ ಮೇಲೆ ಮೂಡಿದ್ದು ಶಾರ್ಜಾದ ಕ್ರಿಕೆಟ್ ಪಂದ್ಯ.

ಅಪ್ಪ ಹೇಳಿದರು: "ಫುಟ್‌ಬಾಲ್ ಇತ್ತು ಕಣೋ ಇದರಲ್ಲಿ. ನಿಮ್ಮಕ್ಕ ಆಫೀಸಿಗೆ ಹೋಗಿದ್ದಾಗ ಒಬ್ನೇ ಕೂತು ಪೂರ್ತಿ ನೋಡ್ದೆ. ನೀನು ಎಲ್ಲೂ ಕಾಣಿಸ್ಲಿಲ್ಲ. ಬೇರೆ ಯಾರದೋ ಆಟ ಕಳಿಸಿದಾನೆ ಅಂದ್ಕೊಂಡು ಅದ್ರ ಮೇಲೇ ಕ್ರಿಕೆಟ್ ರೆಕಾರ್ಡ್ ಮಾಡ್ದೆ."

ಕ್ಯಾಮೆರಾ ಹಿಂಬಾಲಿಸುವುದು ಚೆಂಡನ್ನು. ನನ್ನ ತಮ್ಮ ಇರುತ್ತಿದ್ದದ್ದು ಚೆಂಡು ಬರಬಾರದ ಜಾಗದಲ್ಲಿ. ಇದನ್ನು ವಿವರಿಸಲು ನಾನು ಬಾಯಿ ತೆರೆದೆ. ಪಂಕ್ತಿ, ಸಾರು, ಹೋಳಿಗೆ, ಎಲ್ಲ ನಾಲಗೆಯ ತುದಿಯಲ್ಲೇ ಇತ್ತು. ತಮ್ಮ ಬೇಡವೆಂದು ತಲೆಯಾಡಿಸಿ, ಶಾಲನ್ನು ಇನ್ನಷ್ಟು ಬಿಗಿ ಮಾಡಿಕೊಂಡ.

"ಯಾರು ಗೆದ್ರಪ್ಪ?" ಎಂದು ಕೇಳಿದ.

"ನಮ್ಮವರು ಸೋತ್ರು," ಎಂದರು ಅಪ್ಪ. ಆದರೂ ಇಬ್ಬರೂ ಕೊನೆಯ ಓವರಿನವರೆಗೆ ನೋಡಿದರು.