ಚಾಂದನಿಯ ಲಗಾಮಿಗೆ ಒಂದೆಳೆ ದಾರ

ಹುಟ್ಟುಹಬ್ಬದ ಕೇಕಿನ ಮೇಲಿನ ಮೇಣದಬತ್ತಿಯನ್ನು ಮಕ್ಕಳು ಊದಿದ ಕೂಡಲೇ ಸಣ್ಣ ಹೊಗೆ ಏಳುತ್ತದಲ್ಲ, ಆ ವಾಸನೆ ಬೇರೆಯವರಿಗೆ ಏನು ನೆನಪಿಸುತ್ತದೋ ಗೊತ್ತಿಲ್ಲ, ನನಗಂತೂ ಕುದುರೆ ನೆನಪಾಗುತ್ತದೆ. ಕುದುರೆ, ಒದ್ದೆ ಹುಲ್ಲು, ಎಣ್ಣೆ ಕುಡಿದ ಜೀನಿನ ಚರ್ಮ, ಅವ್ವನ ಹಂಚಿನ ಮೇಲಿನ ಜೋಳದ ರೊಟ್ಟಿ. ಮಲಾಡಿನ ಖಾಡಿಯ, ಸಮುದ್ರದ ಹಿನ್ನೀರಿನ ಕಡೆ ಆಗ ಒಂದು ಸವಾರಿ ಶಾಲೆಯಿತ್ತು. ಅದರ ಲಾಯದ ಬೆನ್ನಿಗೆ ಅಂಟಿಕೊಂಡಿದ್ದ, ತಗಡು ಹೊದಿಸಿದ ಎರಡು ಖೋಲಿಗಳೇ ನಮ್ಮ ಮನೆ. ವಿಜಯಪುರದ ಕಡೆಯಿಂದ ಬಂದ ಅಪ್ಪ ಅಲ್ಲಿ ಸವಾರಿ ಕಲಿಸುವ ಮಾಸ್ತರ. ಅವ್ವ ಸುತ್ತಲಿನ ಬಿಲ್ಡಿಂಗುಗಳ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಗೋಡೆಯಾಚೆ ಕುದುರೆ ಕಾಲು ಬದಲಿಸಿದರೆ ಈಚೆ ನಮ್ಮ ತಾಟುಗಳು ಸದ್ದು ಮಾಡುತ್ತಿದ್ದವು. ನಿಮಗೂ ಇಂಥದ್ದೊಂದು ಮನೆ ಇದ್ದಿರಬೇಕು, ಈಗ ಆ ಜಾಗದಲ್ಲಿ ಲಿಫ್ಟು ಓಡಾಡುತ್ತಿರಬೇಕು.

ಗೋಡೆಯಾಚೆ ಇದ್ದವಳು ಚಾಂದನಿ, ಬೂದು ಬಣ್ಣದ ಹೆಣ್ಣು ಕುದುರೆ. ಡ್ರೆಸ್ಸಾಜಿನ, ಅಂದರೆ ಹೆಜ್ಜೆ ಕವಾಯತಿನ ಸುತ್ತುಗಳಲ್ಲಿ ಅವಳು ಎಷ್ಟು ಚೆಂದ ಹೆಜ್ಜೆ ಹಾಕುತ್ತಿದ್ದಳೋ, ಹಾರಬೇಕಾದ ಅಡ್ಡಗೋಲಿನ ಮುಂದೆ ಅಷ್ಟೇ ಹಟದಿಂದ ನಿಂತುಬಿಡುತ್ತಿದ್ದಳು. ಹಿಂದೆ ಯಾರೋ ಹಾರುವ ಹೊತ್ತಿಗೇ ಲಗಾಮು ಜಗ್ಗಿ ಜಗ್ಗಿ, ಹಾರಿದರೆ ಬಾಯಿ ನೋಯುತ್ತದೆಂದು ಅವಳಿಗೆ ಕಲಿಸಿಬಿಟ್ಟಿದ್ದರು. ದಸರೆ ಕಳೆದ ಮೇಲೆ ಶಾಲೆಯ ಮಾಲಕರು ಬಂದು ನೋಡುವುದು, ಆಗಲೂ ಹಾರದಿದ್ದರೆ ಮದುಮಗನ ಮೆರವಣಿಗೆಯ ಬಾರಾತಿನವರಿಗೆ ಮಾರಿಬಿಡುವುದು ಎಂದು ತೀರ್ಮಾನವಾಯಿತು. ಬ್ಯಾಂಡು, ಪಟಾಕಿ, ಆ ಗದ್ದಲದ ನಡುವೆ ನಮ್ಮ ಚಾಂದನಿ! ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಹಗುರ ಮೈಯವರು ಬೇಕೆಂದು ಅಪ್ಪ ನನ್ನನ್ನೇ ಹತ್ತಿಸಿದ. ಆಗಿನ್ನೂ ಎರಡು ಜಡೆಯ ಹುಡುಗಿ ನಾನು, ಸೊಕ್ಕಿಗೇನೂ ಕಡಿಮೆಯಿರಲಿಲ್ಲ.

ಅಪ್ಪನದು ಒಂದು ವಿಚಿತ್ರ ಪಾಠ. ಲಗಾಮನ್ನು ಕುದುರೆಯ ಬಾಯೊಳಗಿನ ಕಡಿವಾಣಕ್ಕೆ ನೇರ ಸಿಕ್ಕಿಸದೆ, ನಡುವೆ ಅವ್ವನ ಹೊಲಿಗೆಯ ದಾರ ಒಂದೇ ಎಳೆ ಕಟ್ಟುತ್ತಿದ್ದ. ಕೈ ಜಗ್ಗಿದರೆ ದಾರ ಹರಿಯುತ್ತದೆ, ಕುದುರೆಯ ಬಾಯಿ ಉಳಿಯುತ್ತದೆ. "ಆಕಿನ್ನ ನಿನ್ನ ಬೆನ್ನಿನ ಬಲದಲೆ ನಿಲ್ಲಸು, ಕೈಲೆ ಅಲ್ಲ. ಆಕಿ ಕುತ್ತಿಗಿ ಮುಂದ ಚಾಚಿದ್ರ ನಿನ್ನ ಕೈನೂ ಆಕಿ ಸಂಗಡ ಹೋಗಬೇಕು" ಎನ್ನುತ್ತಿದ್ದ. ಒಂದು ಸಂಜೆ ದಾರ ಪಟ್ಟನೆ ಹರಿದು, ಚಾಂದನಿ ಹೌಹಾರಿ ಓಡಿ, ನಾನು ಕೆಸರಿನಲ್ಲಿ ಬಿದ್ದೆ. ಅವ್ವ ನೋಡಿಬಿಟ್ಟಳು. ಮರುದಿನದಿಂದ, ಅಪ್ಪನ ಗಂಟು ಗಟ್ಟಿಯಿಲ್ಲವೆಂದು ತಾನೇ ಬಂದು ದಾರ ಕಟ್ಟತೊಡಗಿದಳು. ಆಮೇಲೆ ದಾರ ಹರಿಯಲೇ ಇಲ್ಲ! ನನ್ನ ಕೈ ಬೆಣ್ಣೆಯಾಗಿದೆ ಎಂದು ಲಾಯದ ತುಂಬ ಕೊಚ್ಚಿಕೊಂಡೆ. ಆದರೆ ಚಾಂದನಿ ಮಾತ್ರ ಗೋಲಿನ ಮುಂದೆ ಮೊದಲಿನ ಹಾಗೆಯೇ ನಿಲ್ಲುತ್ತಿದ್ದಳು.

ಒಂದು ದಿನ ಅವಳ ಬಾಯಿಯ ಅಂಚು ಕೆಂಪಾಗಿದ್ದುದು ಅಪ್ಪನ ಕಣ್ಣಿಗೆ ಬಿತ್ತು. ದಾರ ಹಿಡಿದು ಜಗ್ಗಿದ, ಹರಿಯಲಿಲ್ಲ. ಮೂಸಿ ನೋಡಿ ಅವ್ವನನ್ನು ಕರೆದ.

"ಮೂರೆಳಿ ಹೊಸೆದು ಮೇಣದಬತ್ತಿಗೆ ತಿಕ್ಕೀನ್ರಿ" ಎಂದಳು ಅವ್ವ, ಸ್ವಲ್ಪವೂ ಅಳುಕದೆ. "ಹರದು ಕೂಸು ಬಿದ್ದು ಕೈಕಾಲು ಮುರಕೊಂಡ್ರ? ನಿಮಗ ಕುದುರಿ ಬಾಯಿ ಕಾಣ್ತದ, ನನಗ ನನ್ನ ಮಗಳು ಕಾಣ್ತಾಳ."

ಅಪ್ಪ ಬೈಯಲಿಲ್ಲ. "ಇಲ್ಲಿ ಬಾ, ಮುಟ್ಟಿ ನೋಡು" ಎಂದು ಅವಳ ಬೆರಳನ್ನು ಆ ಗಾಯದ ಪಕ್ಕಕ್ಕೆ ಒಯ್ದ. ಚಾಂದನಿ ಸರ್ರನೆ ತಲೆ ಎಳೆದುಕೊಂಡಳು. "ಈಕಿನೂ ಒಬ್ಬಾಕಿ ಹಡದ ಮಗಳ ಅದಾಳ, ನೋಡು." ಅವ್ವ ಮನೆಗೆ ಹೋಗಿ ತುಪ್ಪದ ಬಟ್ಟಲು ತಂದಳು. ಗಾಯ ಮಾಯುವ ತನಕ ನನಗೆ ಸವಾರಿಯಿಲ್ಲ, ಕುದುರೆಗೆ ತುಪ್ಪ. ಆಮೇಲೆ ಒಂದೆಳೆ ದಾರದಲ್ಲಿ ಮತ್ತೆ ಮೊದಲಿನಿಂದ ಶುರು. ನಡೆಯುವುದು, ನಿಲ್ಲುವುದು, ಸುತ್ತುವುದು. ನೆಲಕ್ಕೆ ಇಟ್ಟ ಗೋಲು ದಾಟುವುದು, ಹರಿದಾಗಲೆಲ್ಲ ಇಳಿದು ಕಟ್ಟಿಸಿಕೊಳ್ಳುವುದು. ಅವ್ವ ಪ್ರತಿ ಸಲ ನನ್ನ ಮೊಣಕಾಲು ತಡವಿ ನೋಡಿ, ಮತ್ತೆ ಒಂದೇ ಎಳೆ ಕಟ್ಟುತ್ತಿದ್ದಳು.

ಮಾಲಕರು ಬಂದು ಕುರ್ಚಿ ಹಾಕಿಸಿಕೊಂಡು ಕೂತ ದಿನ ಅಪ್ಪನೇ ಹೆದರಿದ. "ಇವತ್ತ ದಾರ ಬ್ಯಾಡ, ಬರೇ ಲಗಾಮ ಸಿಕ್ಕಸೂಣು" ಎಂದ. ಅವ್ವ ಆಗಲೇ ಸೆರಗಿನ ತುದಿಯಿಂದ ದಾರ ತೆಗೆದಿದ್ದಳು. "ದಾರಾನ ಇರಲಿ. ಚಾಂದನಿಗೆ ನಂಬಿಕಿ ಬಂದದ ಈಗ" ಎಂದು ಒಂದೇ ಎಳೆ ಕಟ್ಟಿ, ನನ್ನ ಮುಖ ನೋಡದೆ ಸವಾರಿ ಅಂಗಳದ ಕಟಕಟೆಯಾಚೆ ಹೋಗಿ ನಿಂತಳು. ಗೋಲು ಹತ್ತಿರ ಬಂತು. ಚಾಂದನಿಯ ಕಿವಿಗಳು ಮುಂದಾದವು, ಕುತ್ತಿಗೆ ಚಾಚಿತು, ಅದರ ಹಿಂದೆಯೇ ನನ್ನ ಕೈ ಹೋಯಿತು. ಹಾರಿ ಆಚೆ ನೆಲಕ್ಕಿಳಿದಾಗ ದಾರ ಹಾಗೇ ಇತ್ತು. ಅವ್ವ ನನ್ನನ್ನು ಬಿಟ್ಟು ಮೊದಲು ಕುದುರೆಯ ಬಾಯಿ ನೋಡಿದಳು. ನನಗೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು.

ಚಾಂದನಿ ಕೊನೆಯವರೆಗೆ ನಮ್ಮ ಲಾಯದಲ್ಲೇ ಇದ್ದಳು. ಅವಳು ಹೋದ ಮೇಲೆ ಶಾಲೆ ಹೋಯಿತು, ಖೋಲಿಗಳು ಹೋದವು, ಆಮೇಲೆ ಅಪ್ಪ, ಅವ್ವ. ಅವರೆಲ್ಲ ಬೇಕು ಎಂದು ಈಗಲೂ ಅನ್ನಿಸುತ್ತದೆ. ಬೊರಿವಲಿಯ ಆಚೆ ನಾನೀಗ ಸವಾರಿ ಕಲಿಸುತ್ತೇನೆ, ಚೆನ್ನಾಗಿಯೇ ಕಲಿಸುತ್ತೇನೆ. ನನ್ನ ಮಗಳು ಮೊದಲ ಸಲ ಜೀನೇರಿದ ದಿನ ಒಂದೆಳೆ ದಾರ ಹಿಡಿದು ನಿಂತಿದ್ದೆ. ಮೇಣದಬತ್ತಿ ಅಲ್ಲೇ ಕಪಾಟಿನಲ್ಲಿತ್ತು. ತುಂಬ ಹೊತ್ತು ಅದನ್ನೇ ನೋಡಿದೆ, ಆಮೇಲೆ ಬರೀ ದಾರವನ್ನೇ ಕಟ್ಟಿದೆ.